ಪ್ರೊಸೆಸರ್ ತನ್ನ ವೇಗಕ್ಕಿಂತ ನಿಧಾನವಾಗಿ ಓಡುತ್ತಿದೆಯೇ? ತಡೆ ಎಲ್ಲಿದೆ ಅಂತ ಹುಡುಕುವುದು ಹೀಗೆ

ಒಂದು ಬೆಳಿಗ್ಗೆ ನನ್ನ ಲ್ಯಾಪ್‌ಟಾಪ್ ಆನ್ ಮಾಡಿದೆ. ಮೌಸ್ ಪಾಯಿಂಟರ್ ಕೂಡ ತಡವರಿಸುತ್ತಿತ್ತು. ಬ್ರೌಸರ್ ತೆರೆಯಲು ಒಂದು ನಿಮಿಷ ಹಿಡಿಯಿತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಸಿಪಿಯು (ಅಂದರೆ ಪ್ರೊಸೆಸರ್) ಬಳಕೆ 100%, ವೇಗ ಮಾತ್ರ 0.39 ಗಿಗಾಹರ್ಟ್ಸ್. ಆ ಪ್ರೊಸೆಸರಿನ ಮೂಲ ವೇಗವೇ 1.6!

ವೈರಸ್ ಇರಬೇಕು ಅಂದುಕೊಂಡು ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ತಳ ಬಿಚ್ಚಿ, ಧೂಳು ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್ ಅನ್ನುವ ಲೋಹದ ಭಾಗಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ. ಆಗಲೂ ಅಷ್ಟೇ. ಎರಡನೇ ದಿನ ಸಂಜೆ ಬೇಸತ್ತು ಚಾರ್ಜರ್ ಕಿತ್ತು ಪಕ್ಕಕ್ಕಿಟ್ಟೆ. ನೋಡನೋಡುತ್ತಲೇ ವೇಗ 3 ಗಿಗಾಹರ್ಟ್ಸ್ ದಾಟಿತು. ಚಾರ್ಜರ್ ಪಿನ್ನಿನ ನಡುವೆ ಸೂಜಿಯಂಥ ಸಣ್ಣ ಕಡ್ಡಿ ಇರುತ್ತದಲ್ಲ, ಅದು ಬಾಗಿತ್ತು. ಹತ್ತು ಸೆಕೆಂಡಿನ ಪರೀಕ್ಷೆಗೆ ಎರಡು ದಿನ ಸುರಿದಿದ್ದೆ.

ಪ್ರೊಸೆಸರ್ ಸುಮ್ನೆ ನಿಧಾನವಾಗುವುದಿಲ್ಲ. ಯಾವುದೋ ಒಂದು ಮಿತಿ ಅದರ ಕೈ ಹಿಡಿದಿರುತ್ತದೆ. ಅದು ಸೆಟ್ಟಿಂಗ್ ಇರಬಹುದು, ಕರೆಂಟ್ ಇರಬಹುದು, ಬಿಸಿ ಇರಬಹುದು, ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಬೋರ್ಡಿನ ಒಳಗಿನ ತಂತ್ರಾಂಶ) ಇರಬಹುದು. ಯಾವುದು ಅಂತ ಮೊದಲು ಅಂಕಿ ನೋಡಿ ತಿಳಿದುಕೊಂಡು, ಆಮೇಲೆ ಸ್ಕ್ರೂಡ್ರೈವರ್ ಹುಡುಕಬೇಕು. ನಾನು ಮಾಡಿದ್ದು ಪೂರ್ತಿ ಉಲ್ಟಾ. ಕೆಳಗಿರುವುದು ಸರಿಯಾದ ಕ್ರಮ.

ಹೆಜ್ಜೆ 1: ವೇಗ ನಿಜಕ್ಕೂ ಕಡಿಮೆ ಇದೆಯೇ?

"ನನ್ನ ಪ್ರೊಸೆಸರ್ 4 ಗಿಗಾಹರ್ಟ್ಸ್, ಆದರೆ 0.8 ತೋರಿಸುತ್ತಿದೆ" ಅನ್ನುವವರಲ್ಲಿ ಬಹಳಷ್ಟು ಜನರ ಕಂಪ್ಯೂಟರಿಗೆ ಏನೂ ಆಗಿರುವುದಿಲ್ಲ. ಕೆಲಸ ಇಲ್ಲದಾಗ ವೇಗ ಇಳಿಸಿ ಕರೆಂಟ್ ಉಳಿಸುವುದು ಪ್ರೊಸೆಸರಿನ ಸ್ವಭಾವ. ಇಂಟೆಲ್‌ನಲ್ಲಿ ಇದನ್ನು ಸ್ಪೀಡ್‌ಸ್ಟೆಪ್, ಸ್ಪೀಡ್ ಶಿಫ್ಟ್ ಅನ್ನುತ್ತಾರೆ. ಎಎಂಡಿಯಲ್ಲಿ ಕೂಲ್ ಎನ್ ಕ್ವೈಟ್ ಅಂತ ಹಳೇ ಹೆಸರು. ಖಾಲಿ ಡೆಸ್ಕ್‌ಟಾಪ್ ನೋಡುತ್ತಾ ಕೂತಾಗ 800 ಮೆಗಾಹರ್ಟ್ಸ್ ಕಂಡರೆ ಖುಷಿಪಡಿ. ಕೆಲಸ ಕೊಟ್ಟಾಗಲೂ ಅಲ್ಲೇ ನಿಂತರೆ ಮಾತ್ರ ತೊಂದರೆ.

ಇನ್ನೊಂದು ಗೊಂದಲ ಪೆಟ್ಟಿಗೆಯ ಮೇಲಿನ ಅಂಕಿಯದು. ಹೆಚ್ಚಿನ ಪ್ರೊಸೆಸರ್‌ಗಳಿಗೆ ಎರಡು ವೇಗ ಇರುತ್ತವೆ. ಒಂದು ಬೇಸ್, ಇನ್ನೊಂದು ಟರ್ಬೊ ಅಥವಾ ಬೂಸ್ಟ್. ತಕ್ಕ ಕೂಲಿಂಗ್ ಇದ್ದರೆ, ನಿಗದಿ ಮಾಡಿದ ವ್ಯಾಟ್‌ನೊಳಗೆ, ಎಲ್ಲ ಕೋರ್‌ಗಳೂ (ಪ್ರೊಸೆಸರ್ ಒಳಗಿನ ಕೆಲಸ ಮಾಡುವ ಘಟಕಗಳು) ದುಡಿಯುವಾಗ ಹೊತ್ತುಗಟ್ಟಲೆ ಸಿಗಬೇಕಾದದ್ದು ಬೇಸ್. ಟರ್ಬೊ ಅಂದರೆ ಅನುಕೂಲ ಇದ್ದಾಗ ಏರುವ ಎತ್ತರ. ಅದೂ ಎಲ್ಲ ಕೋರ್‌ಗಳಿಗೆ ಒಟ್ಟಿಗೆ ಸಿಗುವುದಿಲ್ಲ. ಕೋರ್ ಐ5-8400 ತಗೊಳ್ಳಿ: ಬೇಸ್ 2.8, ಟರ್ಬೊ 4.0. ಆದರೆ ಆ 4.0 ಬರುವುದು ಒಂದೇ ಕೋರ್ ದುಡಿಯುವಾಗ. ಆರೂ ಕೋರ್ ಒಟ್ಟಿಗೆ ದುಡಿದರೆ 3.8. ಅಲ್ಲಿ 3.8 ಕಂಡರೆ ನಿಮಗೆ ಮೋಸ ಆಗಿಲ್ಲ.

ಇಷ್ಟು ಇಟ್ಟುಕೊಳ್ಳಿ: ಪೂರ್ತಿ ಕೆಲಸ ಕೊಟ್ಟಾಗ ಬೇಸ್‌ಗಿಂತ ಕೆಳಗೆ ಇಳಿದರೆ ಅದು ದೋಷ. ಬೇಸ್ ಮತ್ತು ಟರ್ಬೊ ನಡುವೆ ಎಲ್ಲೋ ಓಡುತ್ತಿದ್ದರೆ ಅದು ಸಹಜ, ಇನ್ನಷ್ಟು ಹಿಂಡಬಹುದೇ ಅನ್ನುವುದು ಬೇರೆ ಪ್ರಶ್ನೆ. ಟರ್ಬೊ ಒಂದು ಕ್ಷಣವೂ ಬರದೆ ಬೇಸ್‌ಗೇ ಗೂಟ ಹೊಡೆದಂತೆ ನಿಂತಿದ್ದರೆ, ಯಾರೋ ಟರ್ಬೊ ಆಫ್ ಮಾಡಿದ್ದಾರೆ.

ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ 3600 ಬದಲು 3592 ಕಂಡು ತಲೆ ಕೆಡಿಸಿಕೊಳ್ಳಬೇಡಿ. ವೇಗ ಅಂದರೆ ಒಂದು ಗುಣಾಕಾರ. ಮದರ್‌ಬೋರ್ಡಿನ ಮೂಲ ಗಡಿಯಾರ 100 ಮೆಗಾಹರ್ಟ್ಸ್, ಅದಕ್ಕೆ ಮಲ್ಟಿಪ್ಲೈಯರ್ 36. ಆ 100 ಬಹುತೇಕ ಬೋರ್ಡ್‌ಗಳಲ್ಲಿ 99.8ರ ಹತ್ತಿರ ಇರುತ್ತದೆ, ಅಷ್ಟೇ. ಹಾಗೆಯೇ ಡಿಡಿಆರ್4-3200 ರ‍್ಯಾಮ್ ಅಲ್ಲಿ 1600 ಅಂತ ಕಂಡರೂ ಸರಿಯೇ. ಡಿಡಿಆರ್ ಪ್ರತಿ ಮಿಡಿತಕ್ಕೆ ಎರಡು ಸಲ ಡೇಟಾ ಸಾಗಿಸುತ್ತದೆ, 3200 ಅನ್ನುವುದು ಆ ಲೆಕ್ಕ.

ಹೆಜ್ಜೆ 2: ಕೆಲಸ ಕೊಟ್ಟು ಅಳೆಯಿರಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಆರಿಸಿ. ಅಲ್ಲಿ ಬೇಸ್ ಸ್ಪೀಡ್ ಮತ್ತು ಈಗಿನ ಸ್ಪೀಡ್ ಎರಡೂ ಕಾಣುತ್ತವೆ. ಮೊದಲ ನೋಟಕ್ಕೆ ಇದು ಸಾಕು. ಆದರೆ ಕಾರಣ ಹುಡುಕಲು ಹೆಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ತಂತ್ರಾಂಶ ಬೇಕು. ಅದನ್ನು ಸೆನ್ಸರ್ ಮಾತ್ರ ತೋರಿಸುವ ಹಾಗೆ ತೆರೆಯಿರಿ. ನೂರಾರು ಸಾಲು ಬರುತ್ತವೆ, ಹೆದರಬೇಡಿ. ನಮಗೆ ಬೇಕಾದದ್ದು ನಾಲ್ಕೇ: ಕೋರ್‌ಗಳ ಎಫೆಕ್ಟಿವ್ ಕ್ಲಾಕ್, ಸಿಪಿಯು ತಾಪಮಾನ, ಸಿಪಿಯು ಪ್ಯಾಕೇಜ್ ಪವರ್ (ಎಳೆಯುತ್ತಿರುವ ವ್ಯಾಟ್), ಮತ್ತೆ ಇಂಟೆಲ್ ಆದರೆ ಪರ್ಫಾರ್ಮೆನ್ಸ್ ಲಿಮಿಟ್ ರೀಸನ್ಸ್ (ವೇಗ ತಡೆದ ಕಾರಣ).

ಎಫೆಕ್ಟಿವ್ ಕ್ಲಾಕ್ ಯಾಕೆ ಅಂದರೆ, ಬರೀ ಕ್ಲಾಕ್ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಪ್ರೊಸೆಸರ್ 3 ಗಿಗಾಹರ್ಟ್ಸ್‌ನಲ್ಲೇ ಇದ್ದು, ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಂತರೆ ನಿಮಗೆ ಸಿಗುವ ಕೆಲಸ 1.5ರಷ್ಟು ಮಾತ್ರ. ಹಳೇ ಪೆಂಟಿಯಂ 4 ಬಿಸಿಯಾದಾಗ ಮಾಡುತ್ತಿದ್ದದ್ದು ಇದನ್ನೇ.

ಈಗ ಭಾರ ಹೊರಿಸಿ. ಸಿನೆಬೆಂಚ್ ಆರ್23ಯಲ್ಲಿ ಹತ್ತು ನಿಮಿಷದ ಮಲ್ಟಿಕೋರ್ ಪರೀಕ್ಷೆ ಇದೆ, ನಾನು ಅದನ್ನೇ ಬಳಸುತ್ತೇನೆ. 7-ಜಿಪ್‌ನ ಬೆಂಚ್‌ಮಾರ್ಕ್ ಆದರೂ ನಡೆಯುತ್ತದೆ. ಪ್ರೈಮ್95 ಬೇಡ. ಅದರ ಭಾರೀ ಲೆಕ್ಕದ (ಎವಿಎಕ್ಸ್) ಪರೀಕ್ಷೆಗಳು ದಿನನಿತ್ಯದ ಯಾವ ಕೆಲಸಕ್ಕಿಂತಲೂ ಜಾಸ್ತಿ ಬಿಸಿ ಮಾಡುತ್ತವೆ, ಅದನ್ನು ನೋಡಿ ಸುಮ್ನೆ ಗಾಬರಿ.

ಪರೀಕ್ಷೆ ಶುರುವಾದ ಮೇಲೆ ಎದ್ದು ಹೋಗಬೇಡಿ. 5ನೇ ಸೆಕೆಂಡಿಗೆ, 1ನೇ ನಿಮಿಷಕ್ಕೆ, 5ನೇ ನಿಮಿಷಕ್ಕೆ ವೇಗ, ತಾಪ, ವ್ಯಾಟ್ ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಆ ಒಂಬತ್ತು ಅಂಕಿಗಳೇ ಅರ್ಧ ಉತ್ತರ.

ಒಂದು ಉದಾಹರಣೆ. ಕೋರ್ ಐ5-8250ಯು ಇರುವ ಲ್ಯಾಪ್‌ಟಾಪ್, ಬೇಸ್ 1.6, ಟರ್ಬೊ 3.4. ಮೊದಲ ಅರ್ಧ ನಿಮಿಷ 3ಕ್ಕೂ ಮೇಲೆ ಓಡಿ, ಆಮೇಲೆ ಸರಿಯಾಗಿ 15 ವ್ಯಾಟ್‌ಗೆ ಇಳಿದು, 2.4ರ ಆಸುಪಾಸು ನಿಂತಿತು, ತಾಪ 75 ಅಂದುಕೊಳ್ಳಿ. ಇದು ವ್ಯಾಟ್ ಮಿತಿ. ದೋಷ ಅಲ್ಲ. ಅದೇ ಲ್ಯಾಪ್‌ಟಾಪ್ ಐದೇ ಸೆಕೆಂಡಿನಲ್ಲಿ 97 ಡಿಗ್ರಿ ಮುಟ್ಟಿ, ವೇಗ ಗರಗಸದ ಹಲ್ಲಿನ ಹಾಗೆ ಏರಿಳಿದರೆ ಅದು ಬಿಸಿ. ತಾಪ 45ರಲ್ಲೇ ತಣ್ಣಗಿದ್ದು, ವ್ಯಾಟ್ ಮೂರೋ ನಾಲ್ಕೋ ಇದ್ದು, ವೇಗ ಮೊದಲಿಂದ ಕೊನೇವರೆಗೂ 0.4 ಅಥವಾ 0.8ಕ್ಕೆ ಅಂಟಿಕೊಂಡಿದ್ದರೆ? ಅದು ಹೊರಗಿನಿಂದ ಬಂದ ತಡೆ. ನನಗೆ ಆದದ್ದು ಇದೇ. ಅವತ್ತು ತಾಪಮಾನ ಒಂದು ಸಲ ನೋಡಿದ್ದರೆ ಪೇಸ್ಟ್ ಬದಲಿಸುವ ಯೋಚನೆಯೇ ಬರುತ್ತಿರಲಿಲ್ಲ.

ವಿಂಡೋಸ್ ಕೂಡ ಒಂದು ಸುಳಿವು ಬರೆದಿಟ್ಟಿರುತ್ತದೆ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ. ಕರ್ನಲ್-ಪ್ರೊಸೆಸರ್-ಪವರ್ ಹೆಸರಿನ, 37 ಸಂಖ್ಯೆಯ ಇವೆಂಟ್ ಇದೆಯೇ ನೋಡಿ. ಪ್ರೊಸೆಸರಿನ ವೇಗವನ್ನು ಸಿಸ್ಟಮ್ ಫರ್ಮ್‌ವೇರ್ (ಬಯೋಸ್‌ನಂಥ ಒಳ ತಂತ್ರಾಂಶ) ತಡೆದಿದೆ, ಇಷ್ಟು ಸೆಕೆಂಡಿನಿಂದ ಹಾಗೇ ಇದೆ ಅಂತ ಅದು ಹೇಳುತ್ತದೆ. ಇದು ಸಾಲು ಸಾಲಾಗಿ ಇದ್ದರೆ ವಿಂಡೋಸ್ ಸೆಟ್ಟಿಂಗಿನಲ್ಲಿ ಹುಡುಕುವುದು ದಂಡ. ನೇರ ಹೆಜ್ಜೆ 4ಕ್ಕೆ ಹೋಗಿ.

ಹೆಜ್ಜೆ 3: ಸೆಟ್ಟಿಂಗ್‌ಗಳು

ಇದು ಐದು ನಿಮಿಷದ ಕೆಲಸ, ಬೇಗ ಮುಗಿಸೋಣ.

1. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಪವರ್. ಪವರ್ ಮೋಡ್ ಅನ್ನು ಬೆಸ್ಟ್ ಪರ್ಫಾರ್ಮೆನ್ಸ್‌ಗೆ ಇಡಿ. ಬ್ಯಾಟರಿ ಸೇವರ್ (ಹೊಸ ವಿಂಡೋಸ್ 11ರಲ್ಲಿ ಎನರ್ಜಿ ಸೇವರ್) ಆಫ್ ಮಾಡಿ.
2. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಈಗಿನ ಪ್ಲಾನಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಕೆಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100% ಇರಬೇಕು. ಬ್ಯಾಟರಿಗೂ, ಚಾರ್ಜರಿಗೂ ಬೇರೆ ಬೇರೆ ಅಂಕಿ ಇರುತ್ತದೆ, ಎರಡನ್ನೂ ನೋಡಿ.
3. ತಯಾರಕರೇ ಹಾಕಿಕೊಟ್ಟ ಆ್ಯಪ್ ಇದ್ದರೆ ಅದರಲ್ಲಿ ಸೈಲೆಂಟ್, ಕ್ವೈಟ್, ಇಕೋ ಅಂತ ಏನಾದರೂ ಆನ್ ಇದೆಯೇ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಕೀಬೋರ್ಡಿನಲ್ಲೇ ಶಾರ್ಟ್‌ಕಟ್ ಇರುತ್ತದೆ. ಗೊತ್ತಿಲ್ಲದೆ ಒತ್ತಿಬಿಟ್ಟಿರುತ್ತೇವೆ.

ಎರಡನೆಯದರ ಬಗ್ಗೆ ಒಂದು ಮಾತು. ಅಲ್ಲಿ 99% ಇದ್ದರೆ ಒಂದೇ ಒಂದು ಶೇಕಡಾ ತಾನೇ ಅನ್ನಿಸುತ್ತದೆ, ಅಲ್ವಾ? ಆದರೆ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ 99 ಅಂದರೆ ಸಾಮಾನ್ಯವಾಗಿ ಟರ್ಬೊ ಪೂರ್ತಿ ಬಂದ್. ಫ್ಯಾನ್ ಸದ್ದು ಕಡಿಮೆ ಮಾಡಲು ಯಾರೋ ಹೇಳಿದ ಉಪಾಯ ಅಂತ ಇದನ್ನು ಮಾಡಿ ಮರೆತವರು ಎಷ್ಟೋ ಜನ. ವೇಗ ಬೇಸ್‌ಗೇ ಅಂಟಿಕೊಂಡಿದ್ದರೆ ಮೊದಲ ಅನುಮಾನ ಇದರ ಮೇಲೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲೇ ಕಾಣಿಸುವುದಿಲ್ಲ. ಅಲ್ಲಿ ಪವರ್ ಮೋಡ್ ಒಂದೇ ಗತಿ.

ಮಿನಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100%ಗೆ ಏರಿಸಿ ಅಂತ ಹೇಳುವವರೂ ಇದ್ದಾರೆ. ಬೇಡ. ಕೆಲಸ ಇಲ್ಲದಾಗಲೂ ವೇಗ ಇಳಿಯದ ಹಾಗೆ ಮಾಡುತ್ತದೆ ಅಷ್ಟೇ, ಮೇಲಿನ ಮಿತಿ ಒಂದಿಷ್ಟೂ ಏರುವುದಿಲ್ಲ.

ಲಿನಕ್ಸ್ ಬಳಸುವವರಿಗೆ: ಇಂಟೆಲ್ ಪಿ-ಸ್ಟೇಟ್ ಡ್ರೈವರ್ ಇರುವಾಗ ಗವರ್ನರ್ (ವೇಗ ಏರಿಳಿಸುವ ನೀತಿ) ಪವರ್‌ಸೇವ್ ಅಂತ ತೋರಿಸಿದರೆ ಅದು ಅಪರಾಧಿ ಅಲ್ಲ. ಹೆಸರು ಹಾಗಿದ್ದರೂ ಕೆಲಸ ಬಂದಾಗ ಅದು ವೇಗ ಏರಿಸುತ್ತದೆ. ಗರಿಷ್ಠ ವೇಗದ ಮಿತಿಯನ್ನು ಯಾವುದಾದರೂ ಬ್ಯಾಟರಿ ಉಳಿಸುವ ತಂತ್ರಾಂಶ ಇಳಿಸಿದೆಯೇ, ಟರ್ಬೊ ಆಫ್ ಆಗಿದೆಯೇ, ಅದನ್ನು ನೋಡಿ.

ಹೆಜ್ಜೆ 4: ಚಾರ್ಜರ್ ಮತ್ತು ಬ್ಯಾಟರಿ

ಲ್ಯಾಪ್‌ಟಾಪ್ 400 ಅಥವಾ 800 ಮೆಗಾಹರ್ಟ್ಸ್‌ಗೆ ಅಂಟಿಕೊಂಡಿದೆ, ಮುಟ್ಟಿದರೆ ತಣ್ಣಗಿದೆ. ಆಗ ಮೊದಲು ಮಾಡಬೇಕಾದದ್ದು ಇದು: ಬ್ಯಾಟರಿ ಅರ್ಧಕ್ಕಿಂತ ಜಾಸ್ತಿ ತುಂಬಿರುವಾಗ ಚಾರ್ಜರ್ ಕಿತ್ತು, ಹತ್ತು ಸೆಕೆಂಡ್ ಕಾದು, ವೇಗ ನೋಡಿ. ಏರಿತೇ? ಚಾರ್ಜರ್, ಅದರ ವೈರ್ ಅಥವಾ ಲ್ಯಾಪ್‌ಟಾಪಿನ ಸಾಕೆಟ್, ಈ ಮೂರರಲ್ಲಿ ಒಂದು ಕೆಟ್ಟಿದೆ.

ಹೀಗಾಗಲು ಕಾರಣ ಇದೆ. ಕೆಲವು ಕಂಪನಿಗಳ ದುಂಡು ಪಿನ್ ಚಾರ್ಜರ್‌ಗಳಲ್ಲಿ ನಡುವಿನ ಸಣ್ಣ ಕಡ್ಡಿ ಕರೆಂಟ್ ಸಾಗಿಸುವುದಕ್ಕಲ್ಲ. "ನಾನು 65 ವ್ಯಾಟ್ ಚಾರ್ಜರ್" ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳುವುದು ಅದರ ಕೆಲಸ. ಆ ಕಡ್ಡಿ ಬಾಗಿದರೆ, ಮುರಿದರೆ, ವೈರ್ ಒಳಗೇ ತುಂಡಾದರೆ ಗುರುತು ಸಿಗುವುದಿಲ್ಲ. ಈ ಚಾರ್ಜರ್ ಎಷ್ಟು ತಾಳುತ್ತದೋ ಅಂತ ಲ್ಯಾಪ್‌ಟಾಪ್ ಹೆದರುತ್ತದೆ. ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಪ್ರೊಸೆಸರಿಗೆ ಒಂದು ತುರ್ತು ಸಂಕೇತ ಕಳಿಸುತ್ತದೆ. ಇಂಟೆಲ್ ಭಾಷೆಯಲ್ಲಿ ಅದು ಬಿಡಿ ಪ್ರಾಕ್‌ಹಾಟ್ (BD PROCHOT). ಪ್ರಾಕ್‌ಹಾಟ್ ಅಂದರೆ ಪ್ರೊಸೆಸರ್ ಬಿಸಿ ಅಂತ. ಬಿಡಿ ಅಂದರೆ ಎರಡೂ ದಿಕ್ಕಿನದು. ಪ್ರೊಸೆಸರ್ ತಾನು ಬಿಸಿಯಾದೆ ಅಂತ ಹೇಳಬಹುದು, ಹೊರಗಿನ ಭಾಗಗಳೂ "ನೀನು ನಿಧಾನಿಸು" ಅಂತ ಅದೇ ತಂತಿಯಲ್ಲಿ ಹೇಳಬಹುದು. ಈ ಸಂಕೇತ ಬಂದರೆ ಪ್ರೊಸೆಸರ್ ಕಾರಣ ಕೇಳುವುದಿಲ್ಲ. ಸೀದಾ ತಳಕ್ಕೆ ಇಳಿಯುತ್ತದೆ.

ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ಕಡ್ಡಿ ನಡುಮಧ್ಯೆ ನೆಟ್ಟಗಿರಬೇಕು. ವೈರ್ ಪಿನ್ನಿಗೆ ಸೇರುವ ಜಾಗ ನಮ್ಮ ಕೈಯಲ್ಲಿ ದಿನಾ ಬಾಗುತ್ತಿರುತ್ತದೆ, ಅಲ್ಲಿ ಸಿಪ್ಪೆ ಬಿರುಕು ಬಿಟ್ಟಿದೆಯೇ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ಎಸಿ ಅಡಾಪ್ಟರ್ ಎಷ್ಟು ವ್ಯಾಟ್ ಅಂತ ತೋರಿಸುವ ಸಾಲಿದೆ. ಅಲ್ಲಿ ಗುರುತು ಸಿಕ್ಕಿಲ್ಲ ಅಂತಿದ್ದರೆ ಅಲ್ಲಿಗೆ ತೀರ್ಮಾನ. ಅದೇ ಮಾಡೆಲ್ಲಿನ ಇನ್ನೊಬ್ಬರ ಚಾರ್ಜರ್ ಹಾಕಿ ನೋಡುವುದು ಎಲ್ಲಕ್ಕಿಂತ ಸುಲಭ.

ಯುಎಸ್‌ಬಿ-ಸಿ ಚಾರ್ಜರ್‌ಗಳಲ್ಲಿ ಕಡ್ಡಿಯ ಕಾಟ ಇಲ್ಲ, ವ್ಯಾಟ್ ಕಾಟ ಇದೆ. 65 ವ್ಯಾಟ್ ಬೇಡುವ ಲ್ಯಾಪ್‌ಟಾಪಿಗೆ ಮೊಬೈಲಿನ 20 ವ್ಯಾಟ್ ಚಾರ್ಜರ್ ಹಾಕಿದರೆ ಅದು ಚಾರ್ಜ್ ಆಗುತ್ತಿರುವ ಹಾಗೆ ಕಾಣಬಹುದು, ವೇಗ ಮಾತ್ರ ಇಳಿದಿರುತ್ತದೆ. 100 ವ್ಯಾಟ್ ಚಾರ್ಜರ್‌ಗೆ ತೆಳ್ಳಗಿನ ಮಾಮೂಲಿ ಕೇಬಲ್ ಹಾಕಿದರೂ 60 ವ್ಯಾಟ್‌ಗಿಂತ ಮೇಲೆ ಹೋಗುವುದಿಲ್ಲ. ಅಲ್ಲಿಂದ ಮೇಲಕ್ಕೆ 5 ಆಂಪಿಯರ್‌ನ ಕೇಬಲ್ಲೇ ಬೇಕು.

ಬ್ಯಾಟರಿಯೂ ಕಾರಣವಾಗಬಹುದು. ಟರ್ಬೊ ಕ್ಷಣಕಾಲ ಜಾಸ್ತಿ ಕರೆಂಟ್ ಕೇಳಿದಾಗ ಹಲವು ಲ್ಯಾಪ್‌ಟಾಪ್‌ಗಳು ಚಾರ್ಜರ್ ಜೊತೆ ಬ್ಯಾಟರಿಯಿಂದಲೂ ಎಳೆಯುತ್ತವೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ, ಇಲ್ಲವೇ ತೆಗೆದಿಟ್ಟಿದ್ದರೆ ಆ ಆಸರೆ ಇರುವುದಿಲ್ಲ. ಆಗ ವೇಗವನ್ನೇ ಕಟ್ಟಿಹಾಕುತ್ತವೆ. ಉಬ್ಬಿದ ಬ್ಯಾಟರಿ ಕಂಡರೆ ಪರೀಕ್ಷೆ ಗಿರೀಕ್ಷೆ ಎಲ್ಲ ಬಿಟ್ಟು ಲ್ಯಾಪ್‌ಟಾಪ್ ಆಫ್ ಮಾಡಿ. ಅದು ಬೆಂಕಿಯ ವಿಷಯ.

ಎಲ್ಲ ಸರಿ ಇದ್ದೂ ವೇಗ ಏರದಿದ್ದರೆ, ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬಂದರೆ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗಿನ ಕಂಟ್ರೋಲರ್ ಚಿಪ್ಪಿನಲ್ಲಿ ಸಿಕ್ಕಿಹಾಕಿಕೊಂಡ ಹಳೇ ಸ್ಥಿತಿ ಎಷ್ಟೋ ಸಲ ಇದರಿಂದಲೇ ಅಳಿಸಿಹೋಗುತ್ತದೆ.

ಥ್ರಾಟಲ್‌ಸ್ಟಾಪ್ ಅನ್ನುವ ತಂತ್ರಾಂಶದಲ್ಲಿ ಬಿಡಿ ಪ್ರಾಕ್‌ಹಾಟ್ ಮುಂದಿನ ಟಿಕ್ ತೆಗೆದರೆ ವೇಗ ತಕ್ಷಣ ಬರುತ್ತದೆ ಅಂತ ನೀವು ಕೇಳಿರಬಹುದು. ನಿಜ, ಇಂಟೆಲ್‌ನಲ್ಲಿ ಬರುತ್ತದೆ. ತೊಂದರೆ ಇದೇ ಅಂತ ಖಚಿತಪಡಿಸಿಕೊಳ್ಳಲು ಐದು ನಿಮಿಷ ತೆಗೆದು ನೋಡಿ, ನನ್ನ ಆಕ್ಷೇಪ ಇಲ್ಲ. ಪ್ರೊಸೆಸರಿನ ಸ್ವಂತ ಬಿಸಿ ರಕ್ಷಣೆ ಆಗಲೂ ಇರುತ್ತದೆ. ಆದರೆ ಕರೆಂಟ್ ಹಂಚುವ ಭಾಗಗಳು "ನಿಲ್ಲು" ಅಂತ ಕೂಗಿದರೆ ಕೇಳುವವರು ಇರುವುದಿಲ್ಲ. ಅದನ್ನೇ ಕಾಯಂ ಪರಿಹಾರ ಮಾಡಿಕೊಳ್ಳಬೇಡಿ.

ಹೆಜ್ಜೆ 5: ಬಿಸಿ

ಹೆಚ್ಚಿನ ಇಂಟೆಲ್ ಪ್ರೊಸೆಸರ್‌ಗಳ ತಾಪದ ಮಿತಿ 100 ಡಿಗ್ರಿ. ಅದನ್ನು ಮುಟ್ಟಿದ ಕೂಡಲೇ ಅವು ವೇಗ ಇಳಿಸಿ ತಮ್ಮನ್ನು ಉಳಿಸಿಕೊಳ್ಳುತ್ತವೆ. ಇದಕ್ಕೇ ಥರ್ಮಲ್ ಥ್ರಾಟ್ಲಿಂಗ್ ಅನ್ನುವುದು. ಎಎಂಡಿಯ ರೈಜನ್ 7000 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳದ್ದು ಬೇರೆ ಕತೆ. ದೊಡ್ಡ ಮಾಡೆಲ್‌ಗಳನ್ನು 95 ಡಿಗ್ರಿಯಲ್ಲೇ ಓಡುವ ಹಾಗೆ ವಿನ್ಯಾಸ ಮಾಡಿದ್ದಾರೆ. ಅಲ್ಲಿ 95 ಕಂಡು ಬೆಚ್ಚಬೇಡಿ, ವೇಗ ಬೇಸ್‌ಗಿಂತ ಮೇಲಿದೆಯೇ ಅಂತ ಮಾತ್ರ ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಬಿಸಿ ಕಂಡರೆ ಹತ್ತರಲ್ಲಿ ಒಂಬತ್ತು ಸಲ ಧೂಳು. ಹೊರಗಿನಿಂದ ಗಾಳಿ ಊದಿದರೆ ಹೋಗುವ ಧೂಳಲ್ಲ ಅದು. ತಳ ಬಿಚ್ಚಿ, ಫ್ಯಾನ್ ಮುಚ್ಚಳ ತೆಗೆದಾಗ ಕಾಣುತ್ತದೆ: ಫ್ಯಾನಿಗೂ ತಾಮ್ರದ ಸಣ್ಣ ಹಲ್ಲುಗಳಿಗೂ ನಡುವೆ ಬೂದು ಬಣ್ಣದ ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಇನ್ನಷ್ಟು ಒಳಗೆ ಗಟ್ಟಿಯಾಗುತ್ತದೆ. ಚಿಮಟದಲ್ಲಿ ಒಂದು ಮೂಲೆ ಹಿಡಿದು ಎತ್ತಿದರೆ ಇಡೀ ಪಟ್ಟಿ ಒಟ್ಟಿಗೆ ಬರುತ್ತದೆ. ನೋಡಲು ಅಸಹ್ಯ, ಆದರೆ ಏನೋ ಒಂದು ಸಮಾಧಾನ! ಉಳಿದದ್ದನ್ನು ಬ್ರಷ್‌ನಲ್ಲಿ ತೆಗೆಯಿರಿ. ಗಾಳಿ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗರಗರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಬಿಚ್ಚುವ ಮುಂಚೆ ಬ್ಯಾಟರಿ ಕನೆಕ್ಟರ್ ಕಿತ್ತಿಡುವುದು ಮರೆಯಬೇಡಿ.

ಧೂಳು ಹೋದ ಮೇಲೂ ಬಿಸಿ ಇಳಿಯದಿದ್ದರೆ ಪೇಸ್ಟ್. ನಾಲ್ಕೈದು ವರ್ಷ ಆದ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಬರೆದಿರುತ್ತಾರೆ. ಬಿಗಿಯುವಾಗ ಅದೇ ಕ್ರಮ, ಬಿಚ್ಚುವಾಗ ತಿರುಗಿಸಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಹೊಸ ಪೇಸ್ಟ್ ಡೆಸ್ಕ್‌ಟಾಪ್ ಚಿಪ್ ಆದರೆ ನಡುವೆ ಬಟಾಣಿ ಕಾಳಿನಷ್ಟು. ಲ್ಯಾಪ್‌ಟಾಪಿನ (ಮೇಲೆ ಲೋಹದ ಮುಚ್ಚಳ ಇಲ್ಲದ) ಬೋಳು ಚಿಪ್ ಆದರೆ ತೆಳ್ಳಗೆ ಪೂರ್ತಿ ಹರಡಿ, ಮೂಲೆಗಳೂ ಮುಚ್ಚಬೇಕು.

ಡೆಸ್ಕ್‌ಟಾಪ್‌ನಲ್ಲಿ ಧೂಳಿಗಿಂತ ಮೊದಲು ಕೂಲರ್ ಸರಿಯಾಗಿ ಕೂತಿದೆಯೇ ಅಂತ ನೋಡಿ. ಇಂಟೆಲ್ ಪೆಟ್ಟಿಗೆಯಲ್ಲಿ ಬರುವ ಕೂಲರಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಒಂದು ಕಾಲು ಸರಿಯಾಗಿ ಕಚ್ಚಿರದಿದ್ದರೂ ಕೂಲರ್ ಒಂದು ಕಡೆ ಎದ್ದು, ಆನ್ ಮಾಡಿದ ಒಂದೆರಡು ನಿಮಿಷದಲ್ಲೇ ತಾಪ ಮಿತಿ ಮುಟ್ಟುತ್ತದೆ. ಬೋರ್ಡಿನ ಹಿಂಬದಿಯಿಂದ ನಾಲ್ಕೂ ಕಾಲುಗಳ ತುದಿ ಒಂದೇ ಸಮ ಹೊರಬಂದಿರಬೇಕು. ಹೊಸ ಕೂಲರಿನ ತಳದಲ್ಲಿ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಕೂರಿಸುವವರೂ ಇದ್ದಾರೆ. ನಗಬೇಡಿ, ಅನುಭವಸ್ಥರೇ ಮಾಡುತ್ತಾರೆ. ನೀರಿನ ಕೂಲರ್ ಆದರೆ, ಪ್ರೊಸೆಸರ್ 100 ಡಿಗ್ರಿ ಇದ್ದೂ ರೇಡಿಯೇಟರ್ ತಣ್ಣಗಿದ್ದರೆ ಪಂಪ್ ನಿಂತಿದೆ ಅಂತಲೇ ಅನುಮಾನ.

ಎಎಂ4 ಸಾಕೆಟ್ಟಿನ ರೈಜನ್ ಇದ್ದವರಿಗೆ ಎಚ್ಚರಿಕೆ. ಅದರ 1331 ಪಿನ್‌ಗಳು ಇರುವುದು ಪ್ರೊಸೆಸರಿನ ಕೆಳಗೆ. ಒಣಗಿದ ಪೇಸ್ಟ್ ಅಂಟಿನ ಹಾಗೆ ಹಿಡಿದಿರುವಾಗ ಕೂಲರನ್ನು ನೇರ ಮೇಲಕ್ಕೆ ಎಳೆದರೆ, ಲಾಕ್ ಆಗಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಜೊತೆಗೇ ಬರುತ್ತದೆ. ಪಿನ್ ಬಾಗಿದರೆ ಗೋಳು. ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟ್ ಬೆಚ್ಚಗಾಗಲಿ. ಆಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿ, ನಂತರ ಎತ್ತಿ.

ಹೆಜ್ಜೆ 6: ವ್ಯಾಟ್ ಮಿತಿ

ತಾಪ ಆರಾಮಾಗಿದೆ, ಚಾರ್ಜರ್ ಸರಿ ಇದೆ, ಆದರೂ ಒಂದು ನಿಮಿಷದ ಮೇಲೆ ವೇಗ ಇಳಿದು ಒಂದೇ ಕಡೆ ನಿಲ್ಲುತ್ತದೆ. ವ್ಯಾಟ್ ಅಂಕಿ ನೋಡಿ. 15, 28, 65 ಅಂತ ದುಂಡಗಿನ ಅಂಕಿಗೆ ನಿಂತಿದ್ದರೆ ಅದೇ ಮಿತಿ.

ಇಂಟೆಲ್‌ನಲ್ಲಿ ಎರಡು ಮಿತಿ. ಪಿಎಲ್1 ಅಂದರೆ ಹೊತ್ತುಗಟ್ಟಲೆ ಬಳಸಬಹುದಾದ ವ್ಯಾಟ್. ಪಿಎಲ್2 ಅಂದರೆ ಸ್ವಲ್ಪ ಹೊತ್ತಿನ ಓಟಕ್ಕೆ ಕೊಡುವ ಹೆಚ್ಚುವರಿ. ಆ ಸ್ವಲ್ಪ ಹೊತ್ತಿಗೆ ಟೌ ಅಂತ ಹೆಸರು, ಸಾಮಾನ್ಯವಾಗಿ 28 ಅಥವಾ 56 ಸೆಕೆಂಡ್. ಕೋರ್ ಐ7-12700ಕೆಯಲ್ಲಿ ಮೂಲ ವ್ಯಾಟ್ 125, ಟರ್ಬೊ ವ್ಯಾಟ್ 190. ಎಎಂಡಿಯಲ್ಲಿ ವ್ಯಾಟ್ ಮಿತಿಗೆ ಪಿಪಿಟಿ ಅನ್ನುತ್ತಾರೆ. ಎಎಂ4ನಲ್ಲಿ 65 ವ್ಯಾಟ್ ಅಂತ ಮಾರುವ ಚಿಪ್‌ಗೆ ಪಿಪಿಟಿ 88, 105 ಅಂತ ಮಾರುವುದಕ್ಕೆ 142. ಇಕೋ ಮೋಡ್ ಆನ್ ಆಗಿದ್ದರೆ ಇದು ಇಳಿದಿರುತ್ತದೆ.

ಲ್ಯಾಪ್‌ಟಾಪ್ ತಯಾರಕರು ಈ ಅಂಕಿಗಳನ್ನು ತಮಗೆ ಬೇಕಾದ ಹಾಗೆ ಇಡಬಹುದು. ಕೋರ್ ಐ5-1135ಜಿ7 ಒಳ್ಳೆಯ ಉದಾಹರಣೆ. 28 ವ್ಯಾಟ್ ಕೊಟ್ಟರೆ ಅದರ ಬೇಸ್ 2.4 ಗಿಗಾಹರ್ಟ್ಸ್. 12 ವ್ಯಾಟ್‌ಗೆ ಇಳಿಸಿದರೆ ಬೇಸ್ ಬರೀ 0.9. ಹೆಸರು ಒಂದೇ, ಚಿಪ್ ಒಂದೇ. ತೆಳ್ಳಗಿನ ಲ್ಯಾಪ್‌ಟಾಪ್ ಕೊಂಡು, ಅದೇ ಪ್ರೊಸೆಸರ್ ಇರುವ ದಪ್ಪ ಲ್ಯಾಪ್‌ಟಾಪ್ ಯಾಕೆ ಜಾಸ್ತಿ ಓಡುತ್ತದೆ ಅಂತ ಕೇಳಿದರೆ ಉತ್ತರ ಇದು. ರಿಪೇರಿ ಮಾಡಲು ಅಲ್ಲಿ ಏನೂ ಇಲ್ಲ.

ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು ಇದೆ. ಕೆಲ ಸೆಕೆಂಡು ಪೂರ್ತಿ ವೇಗ, ಥಟ್ಟನೆ 800 ಮೆಗಾಹರ್ಟ್ಸ್, ಮತ್ತೆ ಪೂರ್ತಿ ವೇಗ, ಹೀಗೇ ಸುತ್ತುತ್ತಿದ್ದು ಪ್ರೊಸೆಸರ್ ತಾಪ 70 ದಾಟಿರದಿದ್ದರೆ, ಬಿಸಿಯಾಗುತ್ತಿರುವುದು ಪ್ರೊಸೆಸರ್ ಅಲ್ಲ. ಅದಕ್ಕೆ ಕರೆಂಟ್ ಹದ ಮಾಡಿಕೊಡುವ ಮದರ್‌ಬೋರ್ಡಿನ ವಿಆರ್‌ಎಂ. ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್ ಮೇಲೆ ದೊಡ್ಡ ಪ್ರೊಸೆಸರ್ ಕೂರಿಸಿದಾಗ ಆಗುವುದು ಇದು. ಬೋರ್ಡ್ ಬದಲಿಸುವ ಮುಂಚೆ ಬಯೋಸ್‌ನಲ್ಲಿ ಪಿಎಲ್2 ಇಳಿಸಿ ನೋಡಿ. ವ್ಯಾಟ್ ಕಡಿಮೆ ಕೊಟ್ಟರೆ ಒಟ್ಟು ಕೆಲಸ ಬೇಗ ಮುಗಿಯುತ್ತದೆ! ಬಿದ್ದು ಎದ್ದು ಓಡುವುದಕ್ಕಿಂತ ಒಂದೇ ಸಮ ಓಡುವುದು ಲಾಭ.

ಹೆಜ್ಜೆ 7: ಬಯೋಸ್

ಇಲ್ಲಿ ಮಾಡಬೇಕಾದದ್ದು ಕಡಿಮೆ. ಮೊದಲು ಡಿಫಾಲ್ಟ್ ಸೆಟ್ಟಿಂಗ್ಸ್ ಲೋಡ್ ಮಾಡಿ. ಯಾರೋ ಹಿಂದೆ ಮಾಡಿಟ್ಟ ಪ್ರಯೋಗ ಇದ್ದರೆ ಹೋಗುತ್ತದೆ. ಟರ್ಬೊ ಮೋಡ್ ಎನೇಬಲ್ ಇರಲಿ, ಸಿಪಿಯು ರೇಶಿಯೋ (ಮಲ್ಟಿಪ್ಲೈಯರ್) ಆಟೋ ಇರಲಿ. ಸೆಕೆಂಡ್‌ಹ್ಯಾಂಡ್ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದ್ದರೆ ಬಯೋಸ್ ಅಪ್‌ಡೇಟ್ ಬೇಕಾಗಬಹುದು. ಗುರುತಿಲ್ಲದ ಪ್ರೊಸೆಸರನ್ನು ಹಳೇ ಬಯೋಸ್ ಕೆಲವೊಮ್ಮೆ ಕನಿಷ್ಠ ಮಲ್ಟಿಪ್ಲೈಯರ್‌ನಲ್ಲೇ ಓಡಿಸುತ್ತದೆ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗದ ಹಾಗೆ ನೋಡಿಕೊಳ್ಳಿ.

ತೀರಾ ಹಳೇ ಕಂಪ್ಯೂಟರ್ ಓಡಿಸುವ ಹವ್ಯಾಸ ಇರುವವರಿಗೆ ಒಂದು ಮಾತು. ಅಥ್ಲಾನ್ ಎಕ್ಸ್‌ಪಿ 2500+ ಅನ್ನುವುದರ ನಿಜವಾದ ವೇಗ 1833 ಮೆಗಾಹರ್ಟ್ಸ್. 2500 ಅನ್ನುವುದು ಮಾಡೆಲ್ ಸಂಖ್ಯೆ. 166ನ್ನು 11ರಿಂದ ಗುಣಿಸಿದರೆ ಸುಮಾರು 1833. ಅದು 1100 ಅಂತ ತೋರಿಸುತ್ತಿದ್ದರೆ ಬೋರ್ಡ್ 166 ಬಿಟ್ಟು 100ಕ್ಕೆ ಇಳಿದಿದೆ. ಬಯೋಸ್‌ನಲ್ಲಿ ಸರಿಪಡಿಸಿದರೂ ಮರುದಿನ ಮತ್ತೆ 1100 ಆದರೆ, ಗಡಿಯಾರವೂ ತಪ್ಪು ದಿನ ತೋರಿಸುತ್ತಿದ್ದರೆ, ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿದೆ. ಮೀಟರ್ ಹಿಡಿದರೆ ಹೊಸದು 3 ವೋಲ್ಟ್ ತೋರಿಸಬೇಕು.

ಇಷ್ಟಾದರೂ ಸಿಗಲಿಲ್ಲವೇ?

ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ಅದರಿಂದಲೇ ಬೂಟ್ ಮಾಡಿ. ಅಲ್ಲಿ ವೇಗ ಸರಿ ಬಂದರೆ ತಪ್ಪು ವಿಂಡೋಸ್ ಅಥವಾ ಅದರ ಡ್ರೈವರಿನದು. ತಯಾರಕರ ತಾಪ ನಿಯಂತ್ರಣದ ಡ್ರೈವರನ್ನು ಹೊಸದಾಗಿ ಹಾಕಿ ನೋಡಿ. ಅಲ್ಲೂ ನಿಧಾನವೇ ಆದರೆ ತೊಂದರೆ ಬೋರ್ಡಿನಲ್ಲಿದೆ. ಚಾರ್ಜರ್ ಕಿತ್ತಾಗಲೂ, ತಣ್ಣಗಿರುವಾಗಲೂ ಥ್ರಾಟಲ್‌ಸ್ಟಾಪ್‌ನಲ್ಲಿ ಬಿಡಿ ಪ್ರಾಕ್‌ಹಾಟ್ ಕೆಂಪಾಗಿಯೇ ಉರಿಯುತ್ತಿದ್ದರೆ ಯಾವುದೋ ಸೆನ್ಸರ್ ಕೆಟ್ಟು ಸುಳ್ಳು ಸಂಕೇತ ಕಳಿಸುತ್ತಿದೆ. ಅದು ಮನೆಯಲ್ಲಿ ಮಾಡುವ ರಿಪೇರಿ ಅಲ್ಲ.

ಸರ್ವಿಸ್‌ಗೆ ಕೊಡುವಾಗ "ಸ್ಲೋ ಆಗಿದೆ" ಅಂತ ಮಾತ್ರ ಹೇಳಬೇಡಿ. ಹಾಗಂದರೆ ವಿಂಡೋಸ್ ಮತ್ತೆ ಹಾಕಿ ಕೊಡುತ್ತಾರೆ. ಆ ಒಂಬತ್ತು ಅಂಕಿಗಳ ಚೀಟಿ ಕೊಡಿ. ಅದರ ಕೆಳಗೆ ಇಷ್ಟು ಬರೆಯಿರಿ: ಚಾರ್ಜರ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಲಿನಕ್ಸ್‌ನಲ್ಲಿ ಎಷ್ಟು, ಇವೆಂಟ್ 37 ಇದೆಯೋ ಇಲ್ಲವೋ.